ಹರಿದ ಮುಖಗಳಿಗೆ ಸ್ವಂತ ರೂಪ ಮರಳಿಸಿದ ಸರ್ ಹೆರಾಲ್ಡ್ ಗಿಲ್ಲಿಸ್

ತುಟಿ ಸೀಳಿದ ಮಗು ಹುಟ್ಟಿತೆಂದರೆ ನಮ್ಮ ಊರುಗಳಲ್ಲಿ ಇಂದಿಗೂ ಕೆಲವರ ಬಾಯಿಂದ ಮೊದಲು ಬರುವುದು ಗ್ರಹಣದ ಮಾತು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳೇ, ಕತ್ತಿ ಮುಟ್ಟಿದಳೇ, ತರಕಾರಿ ಹೆಚ್ಚಿದಳೇ ಎಂದು ಬಾಣಂತಿಯನ್ನೇ ವಿಚಾರಿಸುತ್ತಾರೆ. ತಾಯಿ ತಪ್ಪಿತಸ್ಥಳಂತೆ ತಲೆ ತಗ್ಗಿಸುತ್ತಾಳೆ. ಮಗುವನ್ನು ಬಟ್ಟೆಯಲ್ಲಿ ಮುಚ್ಚಿ ಒಳಕೋಣೆಯಲ್ಲಿ ಮಲಗಿಸುತ್ತಾರೆ. ದಿನಗಳು ಕಳೆಯುತ್ತವೆ, ಹಾಲು ಎಳೆಯಲಾಗದ ಮಗು ಸೊರಗುತ್ತದೆ.

ಆ ಮಗುವಿನ ಮುಖದಿಂದ ತುಟಿ ಕಳೆದುಹೋಗಿಲ್ಲ. ತುಟಿಗೆ ಬೇಕಾದ ಚರ್ಮ, ಸ್ನಾಯು, ಕೆಂಪಂಚು ಎಲ್ಲವೂ ಬಹುಮಟ್ಟಿಗೆ ಅಲ್ಲೇ ಇವೆ. ಆದರೆ ಅವು ತಮ್ಮ ಜಾಗದಲ್ಲಿಲ್ಲ. ಕೇಳಲು ಸರಳವಾದ ಈ ಮಾತನ್ನು ಸರಿಯಾಗಿ ಅರಿತುಕೊಳ್ಳಲು ಶಸ್ತ್ರವೈದ್ಯರಿಗೆ ನೂರಾರು ವರ್ಷಗಳು ಬೇಕಾದವು. ಆ ಅರಿವಿಗೆ ದಾರಿ ತೋರಿದವರಲ್ಲಿ ಪ್ರಮುಖರು ಸರ್ ಹೆರಾಲ್ಡ್ ಗಿಲ್ಲಿಸ್. ಯುದ್ಧದಲ್ಲಿ ಮುಖ ಕಳೆದುಕೊಂಡ ಸಾವಿರಾರು ಯೋಧರಿಗೆ ಮುಖ ಕಟ್ಟಿಕೊಟ್ಟವರೆಂದು ಲೋಕ ಅವರನ್ನು ಬಲ್ಲದು. ಸೀಳುತುಟಿಯ ಮಕ್ಕಳಿಗೂ ಅವರಿಗೂ ಇರುವ ನಂಟು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೆರಾಲ್ಡ್ ಡೆಲ್ಫ್ ಗಿಲ್ಲಿಸ್ 1882ರ ಜೂನ್ 17ರಂದು ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಜನಿಸಿದರು. ಎಂಟು ಮಕ್ಕಳ ಕುಟುಂಬದಲ್ಲಿ ಕೊನೆಯವರು. ತಂದೆ ರಾಬರ್ಟ್ ಗಿಲ್ಲಿಸ್ ಆ ದೇಶದ ಸಂಸತ್ತಿನ ಸದಸ್ಯರಾಗಿದ್ದವರು. ಮನೆಯಲ್ಲೇ ದೂರದರ್ಶಕ ಇಟ್ಟುಕೊಂಡು ಆಕಾಶ ನೋಡುವುದು ಅವರ ಹವ್ಯಾಸ. ಹೆರಾಲ್ಡ್‌ಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಬಾಲ್ಯದಲ್ಲಿ ಬಿದ್ದು ಮುರಿದುಕೊಂಡ ಮೊಣಕೈ ಜೀವನಪೂರ್ತಿ ಸೆಟೆದೇ ಉಳಿಯಿತು. ಅದೇ ಕೈಯಿಂದ ಅವರು ದೋಣಿಯ ಹುಟ್ಟು ಹಾಕಿದರು, ಗಾಲ್ಫ್ ಆಡಿದರು, ಕೂದಲೆಳೆಯಷ್ಟು ಸೂಕ್ಷ್ಮವಾದ ಹೊಲಿಗೆಗಳನ್ನೂ ಹಾಕಿದರು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದುವಾಗ 1904ರ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ ಆಕ್ಸ್‌ಫರ್ಡ್ ವಿರುದ್ಧ ತಮ್ಮ ವಿಶ್ವವಿದ್ಯಾಲಯದ ದೋಣಿಯಲ್ಲಿದ್ದರು. ಗಾಲ್ಫ್‌ನಲ್ಲಿ ಇಂಗ್ಲೆಂಡ್ ದೇಶವನ್ನೇ ಪ್ರತಿನಿಧಿಸಿದರು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಮುಗಿಸಿ 1910ರಲ್ಲಿ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಫೆಲೋ ಆದರು. ಕಿವಿ, ಮೂಗು, ಗಂಟಲು ವೈದ್ಯರಾಗಿ ಕೆಲಸ ಆರಂಭಿಸಿದರು. ಸುಖವಾಗಿ ಬದುಕಲು ಅದೇ ಸಾಕಾಗಿತ್ತು. ಆದರೆ 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು.

ಯುದ್ಧಭೂಮಿಯ ಪಾಠ

1915ರಲ್ಲಿ ಗಿಲ್ಲಿಸ್ ರೆಡ್ ಕ್ರಾಸ್ ಮೂಲಕ ಫ್ರಾನ್ಸಿಗೆ ಹೋದರು. ಅದು ಕಂದಕಗಳ ಯುದ್ಧ. ಸೈನಿಕನ ಮೈ ಮಣ್ಣಿನ ಮರೆಯಲ್ಲಿರುತ್ತಿತ್ತು, ತಲೆ ಮಾತ್ರ ಮೇಲೆ ಕಾಣುತ್ತಿತ್ತು. ಗುಂಡು, ಸಿಡಿದ ಲೋಹದ ಚೂರುಗಳು ಮುಖಕ್ಕೇ ಬಡಿಯುತ್ತಿದ್ದವು. ದವಡೆ ಹೋದವರು, ಮೂಗು ಹೋದವರು, ತುಟಿಯಿಲ್ಲದೆ ನೀರನ್ನೂ ಕುಡಿಯಲಾಗದವರು ಸಾಲುಗಟ್ಟಿ ಬರುತ್ತಿದ್ದರು.

ಅಲ್ಲಿ ಇಬ್ಬರು ಅವರ ಕಣ್ಣು ತೆರೆಸಿದರು. ಒಬ್ಬರು ಚಾರ್ಲ್ಸ್ ವಲಾಡಿಯೆ ಎಂಬ ದಂತವೈದ್ಯರು. ದವಡೆಯ ಗಾಯಗಳಿಗೆ ದಂತವೈದ್ಯರ ನೆರವು ಎಷ್ಟು ಮುಖ್ಯವೆಂದು ಗಿಲ್ಲಿಸ್ ಕಲಿತದ್ದು ಅವರಿಂದ. ಇನ್ನೊಬ್ಬರು ಪ್ಯಾರಿಸಿನ ಶಸ್ತ್ರವೈದ್ಯ ಹಿಪ್ಪೊಲಿಟ್ ಮೊರೆಸ್ತಾಂ. ಮುಖದ ಕ್ಯಾನ್ಸರ್ ಗಡ್ಡೆಯನ್ನು ತೆಗೆದು, ಪಕ್ಕದ ಚರ್ಮವನ್ನು ಜಾರಿಸಿ ತಂದು ಆ ಜಾಗ ಮುಚ್ಚಿದ ಅವರ ಕೈಚಳಕ ಗಿಲ್ಲಿಸ್ ಅವರನ್ನು ಸೆಳೆಯಿತು. ತಮ್ಮ ಜೀವನದ ಕೆಲಸ ಇದೇ ಎಂದು ಅವರು ನಿರ್ಧರಿಸಿದರು.

ಇಂಗ್ಲೆಂಡಿಗೆ ಮರಳಿ ಮೇಲಧಿಕಾರಿಗಳ ಮನವೊಲಿಸಿ 1916ರ ಆರಂಭದಲ್ಲಿ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಮುಖದ ಗಾಯಾಳುಗಳಿಗೆಂದೇ ಒಂದು ವಾರ್ಡ್ ತೆರೆದರು. ಗಾಯಾಳುಗಳು ದಾರಿ ತಪ್ಪಿ ಬೇರೆಡೆ ಹೋಗಬಾರದೆಂದು ತಮ್ಮದೇ ವಿಳಾಸದ ಚೀಟಿಗಳನ್ನು ಸ್ವಂತ ಖರ್ಚಿನಲ್ಲಿ ತಂದು, ಗಾಯಾಳುಗಳ ಮೈಗೆ ಕಟ್ಟಲು ಫ್ರಾನ್ಸಿನ ಶಿಬಿರಗಳಿಗೆ ಕಳಿಸಿಕೊಟ್ಟರು. ಅದೇ ವರ್ಷ ಜುಲೈ 1ರಂದು ಸೊಮ್ ಕದನ ಆರಂಭವಾಯಿತು. ಅವರು ಇನ್ನೂರು ಮಂದಿಗೆಂದು ಸಿದ್ಧತೆ ಮಾಡಿಕೊಂಡಿದ್ದರು. ಬಂದವರು ಸುಮಾರು ಎರಡು ಸಾವಿರ.

ಇದರ ಫಲವಾಗಿ 1917ರಲ್ಲಿ ಲಂಡನ್ನಿನ ಹೊರವಲಯದ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ತೆರೆಯಿತು. 1925ರವರೆಗೆ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಯೋಧರಿಗೆ ಹನ್ನೊಂದು ಸಾವಿರಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳು ನಡೆದವು. ವಾರ್ಡುಗಳಲ್ಲಿ ಕನ್ನಡಿ ಇಡುವಂತಿರಲಿಲ್ಲ. ಹೊರಗಿನ ರಸ್ತೆಯ ಬದಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕುಳಿತವರ ಮುಖ ನೋಡಿ ಬೆಚ್ಚಬೇಡಿ ಎಂಬುದು ಊರವರಿಗೆ ಆ ಬಣ್ಣದ ಸೂಚನೆ. ಮುಖದ ಊನ ಮನುಷ್ಯನನ್ನು ಹೇಗೆ ಒಂಟಿಯಾಗಿಸುತ್ತದೆ ಎಂಬುದಕ್ಕೆ ಆ ನೀಲಿ ಬೆಂಚುಗಳೇ ಸಾಕ್ಷಿ. ಒಳಕೋಣೆಯಲ್ಲಿ ಮಲಗಿಸಿದ ಸೀಳುತುಟಿಯ ಕೂಸಿನ ಪಾಡೂ ಇದೇ ಅಲ್ಲವೇ?

ಸೋಲು ಕಲಿಸಿದ ತಾಳ್ಮೆ

1917ರ ಅಕ್ಟೋಬರ್ 3ರಂದು ಜಟ್ಲೆಂಡ್ ನೌಕಾಕದನದಲ್ಲಿ ಮುಖ ಸುಟ್ಟುಕೊಂಡಿದ್ದ ವಿಕರೇಜ್ ಎಂಬ ನಾವಿಕನಿಗೆ ಗಿಲ್ಲಿಸ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಎದೆಯಿಂದ ಎತ್ತಿದ ಚರ್ಮದ ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಯಾಗುವುದನ್ನು ಅವರು ಗಮನಿಸಿದರು. ಆ ಅಂಚುಗಳನ್ನು ಸೇರಿಸಿ ಹೊಲಿದು ಕೊಳವೆಯಂತೆ ಮಾಡಿದರು. ರಕ್ತಸಂಚಾರ ಉಳಿಯಿತು, ಸೋಂಕು ಕಡಿಮೆಯಾಯಿತು. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಇದು ಬಹುದೊಡ್ಡ ಹೆಜ್ಜೆ. ಹೆಚ್ಚುಕಡಿಮೆ ಇದೇ ಹೊತ್ತಿಗೆ ಒಡೆಸ್ಸಾದಲ್ಲಿ ಫಿಲಾಟೊವ್ ಎಂಬ ವೈದ್ಯರೂ ಸ್ವತಂತ್ರವಾಗಿ ಇದೇ ಉಪಾಯವನ್ನು ಕಂಡುಕೊಂಡಿದ್ದರು.

ಆದರೆ ಗೆಲುವು ಮಾತ್ರ ಅವರ ಗುರುವಾಗಿರಲಿಲ್ಲ. 1918ರ ಆರಂಭದಲ್ಲಿ, ವಿಮಾನ ಅಪಘಾತದಲ್ಲಿ ಮುಖವೆಲ್ಲ ಸುಟ್ಟುಹೋಗಿದ್ದ ಯುವ ಚಾಲಕನೊಬ್ಬನಿಗೆ ಎದೆಯ ಚರ್ಮದಿಂದ ಪೂರ್ತಿ ಮುಖವನ್ನು ಒಂದೇ ಸಲ ಕೂರಿಸಲು ಪ್ರಯತ್ನಿಸಿದರು. ಚರ್ಮ ಹಿಡಿಯಲಿಲ್ಲ, ಸೋಂಕು ಹರಡಿತು, ಆ ಯುವಕ ತೀರಿಕೊಂಡ. ಅವಸರದಿಂದ ಹೆಚ್ಚು ಮಾಡುವುದಕ್ಕಿಂತ ಹಂತಹಂತವಾಗಿ ಕಡಿಮೆ ಮಾಡುವುದು ಮೇಲು ಎಂದು ಗಿಲ್ಲಿಸ್ ಅಲ್ಲಿ ಕಲಿತರು. ನಾಳೆಗೆ ಗೌರವದಿಂದ ಬಿಡಬಹುದಾದ ಕೆಲಸವನ್ನು ಇಂದೇ ಮಾಡಬಾರದು ಎಂಬುದು ಮುಂದೆ ಅವರು ಶಿಷ್ಯರಿಗೆ ಕಲಿಸಿದ ಸೂತ್ರಗಳಲ್ಲಿ ಒಂದಾಯಿತು.

ಸಿಡ್‌ಕಪ್‌ನ ಇನ್ನೊಂದು ವಿಶೇಷ ಅಲ್ಲಿನ ಕೂಡುದುಡಿಮೆ. ದಂತವೈದ್ಯ ವಿಲಿಯಂ ಕೆಲ್ಸಿ ಫ್ರೈ ದವಡೆಯ ಹೊಣೆ ಹೊತ್ತರು. ಶಸ್ತ್ರವೈದ್ಯರೂ ಚಿತ್ರಕಾರರೂ ಆಗಿದ್ದ ಹೆನ್ರಿ ಟಾಂಕ್ಸ್ ಗಾಯಾಳುಗಳ ಮುಖಗಳನ್ನು ಬಣ್ಣದಲ್ಲಿ ಚಿತ್ರಿಸಿದರು. ಮೊದಲು ಹೇಗಿತ್ತು, ನಂತರ ಹೇಗಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಲು ಚಿತ್ರ, ಛಾಯಾಚಿತ್ರ, ಅಚ್ಚುಗಳನ್ನೆಲ್ಲ ಕಾಪಾಡಿದರು. ಯುದ್ಧ ಮುಗಿದ ಬಳಿಕ ಅಲ್ಲಿಗೆ ಬಂದ ಐವಾನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೌಬೋಥಮ್ ಎಂಬ ಅರಿವಳಿಕೆ ವೈದ್ಯರು ಶ್ವಾಸನಾಳಕ್ಕೆ ನಳಿಗೆ ಇಳಿಸಿ ಅರಿವಳಿಕೆ ಕೊಡುವ ವಿಧಾನವನ್ನು ಬೆಳೆಸಿದರು. ಅಲ್ಲಿಯವರೆಗೆ ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಮುಖವಾಡಕ್ಕೂ ಶಸ್ತ್ರವೈದ್ಯನ ಕೈಗೂ ಒಂದೇ ಜಾಗ. ಇಂದು ಹಸುಳೆಯ ತುಟಿಯನ್ನು ಗಾಬರಿಯಿಲ್ಲದೆ, ಅಳತೆ ಮಾಡಿ ಹೊಲಿಯಲು ಸಾಧ್ಯವಾಗಿದ್ದರೆ ಅದಕ್ಕೆ ಆ ನಳಿಗೆಯೂ ಕಾರಣ.

ಯುದ್ಧದ ಗಾಯದಿಂದ ಹುಟ್ಟಿನ ಸೀಳಿಗೆ

ಯುದ್ಧಾನಂತರ 1920ರಲ್ಲಿ ಗಿಲ್ಲಿಸ್ ಮುಖದ ಪ್ಲಾಸ್ಟಿಕ್ ಸರ್ಜರಿಯ ಬಗ್ಗೆ ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದರು. ಮರುವರ್ಷ, 1921ರಲ್ಲಿ, ಕೆಲ್ಸಿ ಫ್ರೈ ಅವರೊಂದಿಗೆ ಸೀಳು ಅಂಗುಳದ ಚಿಕಿತ್ಸೆಯ ಬಗ್ಗೆ ಒಂದು ಹೊಸ ತತ್ವವನ್ನು ಮಂಡಿಸಿದರು. ಆಗಿನ ವೈದ್ಯರು ಅಂಗುಳದ ತೂತನ್ನು ಹೇಗಾದರೂ ಮುಚ್ಚುವುದೇ ಗುರಿ ಎಂದು ತಿಳಿದಿದ್ದರು. ಗಿಲ್ಲಿಸ್ ಮತ್ತು ಫ್ರೈ ಬೇರೆಯೇ ಪ್ರಶ್ನೆ ಕೇಳಿದರು. ಮಾತು ಸ್ಪಷ್ಟವಾಗಬೇಕಾದರೆ ಮೃದು ಅಂಗುಳ ಎಲ್ಲಿರಬೇಕು? ಹಿಂದೆ, ಗಂಟಲಿನ ಗೋಡೆಗೆ ತಾಗುವಂತಿರಬೇಕು. ಹಾಗಾದರೆ ಮೊದಲು ಅದನ್ನು ಅಲ್ಲಿಗೆ ತಳ್ಳಿ ಕೂರಿಸಿ. ಮುಂದೆ ಉಳಿದ ತೂತನ್ನು ದಂತವೈದ್ಯರು ತಯಾರಿಸಿದ ಫಲಕದಿಂದ ಮುಚ್ಚಿ. ಆ ಫಲಕದ ವಿಧಾನ ಮುಂದೆ ಬಳಕೆಯಲ್ಲಿ ಉಳಿಯಲಿಲ್ಲ. ಆದರೆ ಅದರ ಹಿಂದಿನ ವಿಚಾರ ಉಳಿಯಿತು. ಸರಿಯಾಗಿರುವ ಭಾಗವನ್ನು ಮೊದಲು ಅದರ ಸರಿಯಾದ ಜಾಗಕ್ಕೆ ತಂದು ಅಲ್ಲಿ ನಿಲ್ಲಿಸಬೇಕು, ಎಷ್ಟು ಕೊರತೆಯಿದೆ ಎಂಬುದು ಆಗಲೇ ಗೊತ್ತಾಗುತ್ತದೆ. ಗಿಲ್ಲಿಸ್ ಅವರ ತತ್ವಗಳಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು ಇದು.

1932ರಲ್ಲಿ ಅವರು ತಮ್ಮ ಸಹೋದ್ಯೋಗಿ ಟಿ. ಪಿ. ಕಿಲ್ನರ್ ಜೊತೆಗೂಡಿ ಸೀಳುತುಟಿಯ ಬಗ್ಗೆ ಪ್ರಬಂಧ ಬರೆದರು. ಅದು ಎಳೆಯ ಕೂಸುಗಳ ಮೊದಲ ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲ. ಬಾಲ್ಯದಲ್ಲಿ ತುಟಿ ಹೊಲಿಸಿಕೊಂಡೂ ದೊಡ್ಡವರಾದ ಮೇಲೆ ಊನ ಉಳಿದವರನ್ನು ಸರಿಪಡಿಸುವ ಬಗ್ಗೆ. ಮೇಲ್ತುಟಿ ಬಿಗಿದು ಗಿಡ್ಡವಾಗಿರುವುದು, ಮೂಗಿನ ಒಂದು ಹೊಳ್ಳೆ ಚಪ್ಪಟೆಯಾಗಿ ಹರಡಿರುವುದು, ತುಟಿಯ ನಡುವಿನ ಬಿಲ್ಲಿನಂಥ ಬಾಗು ಮಾಯವಾಗಿರುವುದು ಇಂಥವರಲ್ಲಿ ಸಾಮಾನ್ಯ. ಅಂದರೆ ಶಿಶುವಾಗಿದ್ದಾಗ ವೈದ್ಯರು ಆರಿಸಿದ ವಿಧಾನದ ಫಲವನ್ನು ಆ ವ್ಯಕ್ತಿ ಮದುವೆಯ ವಯಸ್ಸಿನಲ್ಲಿ, ಉದ್ಯೋಗ ಕೇಳಲು ಹೋದಾಗ, ಮುಖದ ಮೇಲೆ ಹೊತ್ತುಕೊಂಡಿರುತ್ತಿದ್ದ. ವಿಧಾನಗಳ ತುಲನೆ ವೈದ್ಯರ ಒಣಚರ್ಚೆಯಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ತುಟಿ ಹೊಲಿಯುವ ಬಗೆಗಳು

ಆ ವಿಧಾನಗಳು ಯಾವುವು ಎಂದು ನಾವು ಸ್ವಲ್ಪ ನೋಡೋಣ. ಎಲ್ಲಕ್ಕೂ ಹಳೆಯದು ಸೀಳಿನ ಎರಡು ಅಂಚುಗಳನ್ನು ಕೆರೆದು ಹಸಿಮಾಡಿ ನೇರವಾಗಿ ಸೇರಿಸುವುದು. ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಸೂಜಿ ಚುಚ್ಚಿ, ಅದರ ಸುತ್ತ ದಾರ ಸುತ್ತಿ ಹೀಗೆ ಸೇರಿಸುತ್ತಿದ್ದರು. ಇದು ಸುಲಭ, ಬೇಗ ಮುಗಿಯುತ್ತದೆ. ಆದರೆ ನೇರ ಗಾಯದ ಕಲೆ ಒಣಗುತ್ತ ಮೊಟಕಾಗುತ್ತದೆ. ಕೆಂಪಂಚು ಮೇಲಕ್ಕೆ ಎಳೆದುಕೊಂಡು ಕಚ್ಚು ಬೀಳುತ್ತದೆ. ಇದನ್ನು ತಪ್ಪಿಸಲು 1891ರಲ್ಲಿ ರೋಸ್, 1912ರಲ್ಲಿ ಥಾಂಪ್ಸನ್ ಅಂಚುಗಳನ್ನು ಬಾಗಿಸಿ ಕತ್ತರಿಸಿದರು. ಬಾಗಿದ ಗೆರೆ ನೇರವಾದಾಗ ತುಟಿಗೆ ಉದ್ದ ಸಿಗುತ್ತದೆ. ಆದರೆ ಅದಕ್ಕಾಗಿ ಒಳ್ಳೆಯ ಚರ್ಮವನ್ನೇ ಕತ್ತರಿಸಿ ಎಸೆಯಬೇಕು.

ಎರಡನೆಯದು ಒಂದು ಬದಿಯಿಂದ ಚರ್ಮದ ತುಂಡನ್ನು ತಿರುಗಿಸಿ ಇನ್ನೊಂದು ಬದಿಗೆ ಕೂರಿಸುವ ದಾರಿ. 1844ರಲ್ಲಿ ಫ್ರಾನ್ಸಿನ ಮಿರೋ ಇದನ್ನು ತೋರಿಸಿಕೊಟ್ಟರು. ಅಮೆರಿಕದ ಬ್ಲೇರ್ ಮತ್ತು ಬ್ರೌನ್ 1930ರಲ್ಲಿ ಅದನ್ನು ತಿದ್ದಿ ಪ್ರಚಾರಕ್ಕೆ ತಂದರು. ತುಟಿ ತುಂಬಿಕೊಂಡಿತು, ಆದರೆ ನಡುವಿನ ಬಿಲ್ಲಿನ ಆಕಾರ ಉಳಿಯುತ್ತಿರಲಿಲ್ಲ. 1949ರಲ್ಲಿ ಕೆನಡಾದ ಲೆ ಮೆಸುರಿಯರ್ ಚೌಕಾಕಾರದ ತುಂಡಿನಿಂದ ಆ ಬಾಗನ್ನು ಹೊಸದಾಗಿ ನಿರ್ಮಿಸಿದರು. ನೋಡಲು ಚೆನ್ನಾಗಿತ್ತು. ಮಗು ಬೆಳೆದಂತೆ ಆ ಬದಿಯ ತುಟಿ ಅಳತೆ ಮೀರಿ ಉದ್ದವಾಗುವುದು ಕಂಡುಬಂತು.

1952ರಲ್ಲಿ ಅಮೆರಿಕದ ಟೆನಿಸನ್ ಒಂದು ಸಣ್ಣ ತಂತಿಯನ್ನು ಬಗ್ಗಿಸಿ ಅದನ್ನೇ ಅಚ್ಚಾಗಿ ಬಳಸಿ ಅಂಕುಡೊಂಕಾಗಿ ಕತ್ತರಿಸುವ ವಿಧಾನ ಕೊಟ್ಟರು. ಮಗುವಿನ ಸ್ವಂತ ಬಿಲ್ಲುಬಾಗು ಉಳಿಯಿತು. 1959ರಲ್ಲಿ ರಾಂಡಲ್ ಅದಕ್ಕೆ ಲೆಕ್ಕದ ಅಳತೆ ಕೊಟ್ಟರು. ಅಳೆದು ಮಾಡುವುದರಿಂದ ಕಲಿಯುವವರಿಗೆ ಇದು ಸುಲಭ, ಅಗಲವಾದ ಸೀಳಿಗೂ ಒಗ್ಗುತ್ತದೆ. ಆದರೆ ಗಾಯದ ಗೆರೆ ತುಟಿಯ ಕೆಳಭಾಗದಲ್ಲಿ ಅಡ್ಡ ಹಾಯುತ್ತದೆ, ಮುಖದ ಸಹಜ ಗೆರೆಯಲ್ಲಿ ಅಡಗುವುದಿಲ್ಲ.

ಗುರುವಿನ ಮಾತು ಶಿಷ್ಯನ ಕೈಯಲ್ಲಿ

ಇಲ್ಲಿಗೆ ಗಿಲ್ಲಿಸ್ ಅವರ ಶಿಷ್ಯನೊಬ್ಬ ಬರುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಗಿಲ್ಲಿಸ್ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್‌ನಲ್ಲಿ ಮತ್ತೆ ಗಾಯಾಳು ಯೋಧರ ಸೇವೆಗೆ ನಿಂತರು. ಯುದ್ಧ ಮುಗಿದ ಬಳಿಕ ದೇಶದೇಶಗಳಿಂದ ಯುವ ವೈದ್ಯರು ಅಲ್ಲಿಗೆ ಕಲಿಯಲು ಬಂದರು. ಅವರಲ್ಲಿ ಅಮೆರಿಕದ ರಾಲ್ಫ್ ಮಿಲ್ಲಾರ್ಡ್ ಒಬ್ಬರು. ಗಿಲ್ಲಿಸ್ ಅವರಿಗೆ ಈ ತರುಣ ಎಷ್ಟು ಮೆಚ್ಚಿಗೆಯಾದರೆಂದರೆ ತಮ್ಮ ಜೀವಮಾನದ ಅನುಭವವನ್ನು ಗ್ರಂಥವಾಗಿಸಲು ಅವರನ್ನೇ ಸಹಲೇಖಕರನ್ನಾಗಿ ಮಾಡಿಕೊಂಡರು. ಪ್ಲಾಸ್ಟಿಕ್ ಸರ್ಜರಿಯ ತತ್ವ ಮತ್ತು ಕಲೆಯ ಬಗೆಗಿನ ಆ ಎರಡು ಸಂಪುಟಗಳು 1957ರಲ್ಲಿ ಹೊರಬಂದವು.

ಈ ನಡುವೆ ಮಿಲ್ಲಾರ್ಡ್ 1954ರಲ್ಲಿ ಅಮೆರಿಕದ ಸೇನೆಯೊಂದಿಗೆ ಕೊರಿಯಾಕ್ಕೆ ಹೋಗಿದ್ದರು. ಯುದ್ಧ ನಿಂತಿತ್ತು. ಆ ದೇಶದಲ್ಲಿ ಚಿಕಿತ್ಸೆ ಕಾಣದೆ ಬೆಳೆದ ಸೀಳುತುಟಿಯ ಮಕ್ಕಳು ಬಹಳ ಇದ್ದರು. ಅಂಥ ಒಂದು ಮುಖದ ಛಾಯಾಚಿತ್ರವನ್ನು ಡೇರೆಯಲ್ಲಿ ಸಿಕ್ಕಿಸಿಕೊಂಡು ಮತ್ತೆಮತ್ತೆ ನೋಡುತ್ತಿದ್ದಾಗ ತಮಗೆ ಹೊಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಬಿಲ್ಲುಬಾಗಿನ ಹೆಚ್ಚಿನ ಭಾಗ, ನಡುತುಟಿಯ ಗುಳಿ ಎಲ್ಲವೂ ಅಲ್ಲೇ ಇದ್ದವು. ಆದರೆ ಮೇಲಕ್ಕೆ ತಿರುಚಿಕೊಂಡು ಮೂಗಿಗೆ ಅಂಟಿಕೊಂಡಿದ್ದವು. ಗುರುವಿನ ತತ್ವ ಇಲ್ಲಿ ಕೆಲಸ ಮಾಡಿತು. ಮೂಗಿನ ಕೆಳಗೆ ಒಂದು ಬಾಗಿದ ಗೆರೆ ಕೊಯ್ದು ನಡುವಿನ ಭಾಗವನ್ನು ಕೆಳಕ್ಕೆ ತಿರುಗಿಸಿ ಅದರ ಸ್ಥಾನಕ್ಕೆ ಇಳಿಸಿದರು. ಆಗ ಮೇಲೆ ಉಂಟಾದ ಎಡೆಗೆ ಹೊರಬದಿಯ ತುಟಿಯನ್ನು ಮುಂದಕ್ಕೆ ತಂದು ಸೇರಿಸಿದರು. ಗಾಯದ ಗೆರೆ ತುಟಿಯ ಸಹಜ ಏಣಿನ ಉದ್ದಕ್ಕೇ ಬಂತು. ಎಸೆದ ಚರ್ಮ ತೀರ ಅಲ್ಪ. ಹರಡಿದ ಮೂಗಿನ ಹೊಳ್ಳೆಯೂ ಜೊತೆಗೇ ಒಳಕ್ಕೆ ಬಂತು.

1955ರಲ್ಲಿ ಸ್ಟಾಕ್‌ಹೋಮ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಿಲ್ಲಾರ್ಡ್ ಇದನ್ನು ಮಂಡಿಸಿದರು. 1957ರಲ್ಲಿ ಅದು ಪ್ರಕಟವಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಗೆ ಬಂದ ವಿಧಾನಗಳಲ್ಲಿ ಅದೂ ಒಂದಾಯಿತು. ಇದಕ್ಕೂ ಕೊರತೆಗಳಿಲ್ಲದಿಲ್ಲ. ತಂತಿಯ ಅಚ್ಚಿನಂತೆ ಇಲ್ಲಿ ಸಿದ್ಧ ಅಳತೆಯಿಲ್ಲ. ಕೊಯ್ಯುತ್ತ ಹೋದಂತೆ ನಿರ್ಧರಿಸಬೇಕು, ಹೀಗಾಗಿ ಪಳಗಿದ ಕೈ ಬೇಕು. ಬಹಳ ಅಗಲವಾದ ಸೀಳಿನಲ್ಲಿ ತುಟಿ ಗಿಡ್ಡವಾಗಿ ಉಳಿಯಬಹುದು, ಹೊಳ್ಳೆ ಇಕ್ಕಟ್ಟಾಗಬಹುದು. ಇವನ್ನು ಸರಿಪಡಿಸಲು ಅನೇಕರು ತಿದ್ದುಪಡಿ ತಂದರು. 2005ರಲ್ಲಿ ಟೊರಾಂಟೊದ ಫಿಶರ್ ಅಳತೆಯ ನಿಖರತೆಯನ್ನೂ ಸಹಜ ಗೆರೆಯಲ್ಲಿ ಅಡಗುವ ಗಾಯವನ್ನೂ ಒಟ್ಟುಗೂಡಿಸಿದ ವಿಧಾನವನ್ನು ಪ್ರಕಟಿಸಿದರು, ಅದೂ ಇಂದು ಹಲವೆಡೆ ಬಳಕೆಯಲ್ಲಿದೆ. ಚರ್ಮವನ್ನು ಯಾವ ಬಗೆಯಲ್ಲಿ ಕೊಯ್ದರೂ ಒಳಗಿನ ಸ್ನಾಯುವನ್ನು ತಪ್ಪು ಜಾಗದಿಂದ ಬಿಡಿಸಿ, ಬಾಯಿಯ ಸುತ್ತ ಬಳೆಯಂತೆ ಜೋಡಿಸಬೇಕೆಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಮಗು ನಗುವಾಗ ತುಟಿ ಸಮವಾಗಿ ಚಲಿಸುವುದು ಅದರಿಂದಲೇ.

ಯಾವುದು ಶ್ರೇಷ್ಠ?

ಹಾಗಾದರೆ ಈ ಎಲ್ಲದರಲ್ಲಿ ಯಾವುದು ಶ್ರೇಷ್ಠ ಎಂದು ಓದುಗರು ಕೇಳಬಹುದು. ಒಂದೇ ವಿಧಾನ ಎಲ್ಲ ಮಕ್ಕಳಿಗೂ ಮೇಲೆಂದು ಸಿದ್ಧವಾಗಿಲ್ಲ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯುರೋಪಿನ ಆರು ಕೇಂದ್ರಗಳ ಫಲಿತಾಂಶಗಳನ್ನು ಹೋಲಿಸಿ ನೋಡಲಾಯಿತು. ವೈದ್ಯರು ವರ್ಷಕ್ಕೆ ಕೆಲವೇ ಮಕ್ಕಳಿಗೆ ಚಿಕಿತ್ಸೆ ಮಾಡುವ, ಒಂದು ಗೊತ್ತಾದ ಕ್ರಮವಿಲ್ಲದ ಕಡೆ ಫಲಿತಾಂಶ ಕಳಪೆಯಾಗಿತ್ತು. ಬ್ರಿಟನ್ನಿನಲ್ಲೂ 1998ರ ವರದಿಯೊಂದು ಇದನ್ನೇ ಹೇಳಿತು. 57 ಕಡೆಗಳಲ್ಲಿ ಚದುರಿದ್ದ ಸೇವೆಯನ್ನು ಕೆಲವೇ ಪರಿಣತ ಕೇಂದ್ರಗಳಿಗೆ ಒಟ್ಟುಗೂಡಿಸಲು ಅದು ಸಲಹೆ ಮಾಡಿತು. ಶಸ್ತ್ರವೈದ್ಯ, ದಂತವೈದ್ಯ, ಅರಿವಳಿಕೆ ತಜ್ಞ, ದಾದಿ, ಮಾತಿನ ತರಬೇತುದಾರ ಒಂದೇ ಸೂರಿನಡಿ ಕೂಡಿ, ಮಗು ಬೆಳೆಯುವವರೆಗೂ ಜೊತೆಗಿರಬೇಕು. ಗಿಲ್ಲಿಸ್ 1917ರಲ್ಲೇ ಸಿಡ್‌ಕಪ್‌ನಲ್ಲಿ ಕಟ್ಟಿದ್ದೂ ಇಂಥದ್ದೇ ಕೂಟವನ್ನು.

ಭಾರತದ ನಂಟು

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಕತ್ತರಿಸಿದ ಮೂಗನ್ನು ಚರ್ಮದಿಂದ ಮರಳಿ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯವನಾಗಿದ್ದ ಕವಸ್‌ಜಿ ಎಂಬಾತ ಟಿಪ್ಪುವಿನ ಸೇನೆಯ ಕೈಗೆ ಸಿಕ್ಕಿ ಮೂಗು ಕಳೆದುಕೊಂಡಿದ್ದ. ಮುಂದೆ ಪುಣೆಯ ಕಡೆಯ ದೇಶೀ ವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಇದರ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತ ಬಂತು. ಅದನ್ನು ಓದಿ 1814ರಲ್ಲಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯರು ಅದೇ ಚಿಕಿತ್ಸೆ ಮಾಡಿದರು. ಗಿಲ್ಲಿಸ್ ಕೂಡ ಯೋಧರ ಮೂಗು ಕಟ್ಟಲು ಹಣೆಯ ಚರ್ಮವನ್ನು ಬಳಸಿದವರೇ.

ಹೀಗೆ ಇಲ್ಲಿಂದ ಹೋದ ವಿದ್ಯೆ ಬೆಳೆದು ಮರಳಿ ಬಂತು. ಹುಬ್ಬಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಪಾರ್ಸಿ ವೈದ್ಯ ನೊಶಿರ್ ಅಂಟಿಯಾ ಇಂಗ್ಲೆಂಡಿನಲ್ಲಿ ಗಿಲ್ಲಿಸ್ ಅವರಲ್ಲಿ ತರಬೇತಿ ಪಡೆದರು. ಮುಂಬೈಗೆ ಮರಳಿದ ಮೇಲೆ ಕುಷ್ಠರೋಗಿಗಳ ಕುಸಿದ ಮೂಗು, ಮುದುಡಿದ ಕೈಗಳನ್ನು ಸರಿಪಡಿಸುವುದಕ್ಕೆ ಆ ವಿದ್ಯೆಯನ್ನು ಬಳಸಿದರು. ಮಿಲ್ಲಾರ್ಡ್ ವಿಧಾನವನ್ನು ನಮ್ಮ ದೇಶದ ಬಡಮಕ್ಕಳಿಗೆ ತಲುಪಿಸಿದವರಲ್ಲಿ ಡಾ. ಹಿರ್ಜಿ ಅಡೆನ್‌ವಾಲಾ ಅವರನ್ನು ನೆನೆಯಲೇಬೇಕು. ಮುಂಬೈಯ ಈ ಪಾರ್ಸಿ ವೈದ್ಯರು 1959ರಲ್ಲಿ ಕೇರಳದ ತ್ರಿಶೂರ್ ಮಹಾಧರ್ಮಪ್ರಾಂತ್ಯದ ಜುಬಿಲಿ ಮಿಷನ್ ಆಸ್ಪತ್ರೆಗೆ ಬಂದು ಅಲ್ಲೇ ಉಳಿದುಬಿಟ್ಟರು. ಸೀಳುತುಟಿಯ ಸಾವಿರಾರು ಮಕ್ಕಳಿಗೆ ಚಿಕಿತ್ಸೆ ನೀಡಿದರು. ಅಲ್ಲಿನ ಕೇಂದ್ರಕ್ಕೆ ತಮ್ಮ ಹೆಸರಿಡದೆ ತಮ್ಮ ಗುರು ಚಾರ್ಲ್ಸ್ ಪಿಂಟೊ ಅವರ ಹೆಸರಿಟ್ಟರು. 2020ರಲ್ಲಿ ಅವರು ನಿಧನರಾದರು.

ಕೊನೆಯ ದಿನಗಳು

ಗಿಲ್ಲಿಸ್ ಅವರಿಗೆ 1930ರಲ್ಲಿ ಸರ್ ಪದವಿ ಬಂತು. 1946ರಲ್ಲಿ ಬ್ರಿಟಿಷ್ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘದ ಮೊದಲ ಅಧ್ಯಕ್ಷರಾದರು. ಬಿಡುವಿನಲ್ಲಿ ಚಿತ್ರ ಬರೆದರು, ಕುಚೇಷ್ಟೆಗಳಿಂದ ಗೆಳೆಯರನ್ನು ನಗಿಸಿದರು. ವಿಶ್ರಾಂತಿ ಮಾತ್ರ ತೆಗೆದುಕೊಳ್ಳಲಿಲ್ಲ. 1960ರ ಆಗಸ್ಟ್ 3ರಂದು, 78ನೆಯ ವಯಸ್ಸಿನಲ್ಲಿ, ಹದಿನೆಂಟರ ಹುಡುಗಿಯೊಬ್ಬಳ ಜಖಂಗೊಂಡ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗಲೇ ಅವರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಅವರು ಕೊನೆಯುಸಿರೆಳೆದರು.

ನಾವು ಮಾಡಬಹುದಾದದ್ದು

ಹುಟ್ಟುವ ಸುಮಾರು ಏಳುನೂರು ಮಕ್ಕಳಲ್ಲಿ ಒಂದಕ್ಕೆ ತುಟಿ ಅಥವಾ ಅಂಗುಳದ ಸೀಳು ಇರುತ್ತದೆ ಎಂಬುದು ಲೋಕದ ಸರಾಸರಿ. ಗರ್ಭದ ನಾಲ್ಕರಿಂದ ಏಳನೆಯ ವಾರದ ನಡುವೆ ಮುಖದ ಭಾಗಗಳು ಕೂಡಿಕೊಂಡು ತುಟಿಯಾಗಬೇಕು. ಆ ಕೂಡಿಕೆ ತಪ್ಪಿದಾಗ ಸೀಳು ಉಳಿಯುತ್ತದೆ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ಇದು ಆಗಿಹೋಗಿರುತ್ತದೆ. ಗ್ರಹಣಕ್ಕೂ ಕತ್ತಿಗೂ ಇದರಲ್ಲಿ ಪಾತ್ರವಿಲ್ಲ. ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ವಾಳೆಯ ಗುರಿಕಾರರು, ಮನೆಭೇಟಿಗೆ ಹೋಗುವ ಧರ್ಮಭಗಿನಿಯರು, ಸ್ತ್ರೀ ಸಂಘಟನೆಯ ಕಾರ್ಯಕರ್ತೆಯರು ಇಂಥ ಮನೆಗೆ ಹೋದಾಗ ಮೊದಲು ಈ ಮಾತನ್ನು ಹೇಳಬೇಕು. ಎರಡನೆಯದಾಗಿ ಹಾಲೂಡಿಸುವ ಬಗ್ಗೆ ವೈದ್ಯರಿಂದ ಅಥವಾ ತರಬೇತಾದ ದಾದಿಯಿಂದ ಕೂಡಲೇ ಸಲಹೆ ಕೊಡಿಸಬೇಕು. ತುಟಿ ಮಾತ್ರ ಸೀಳಿದ್ದರೆ ಅನೇಕ ಮಕ್ಕಳು ಮೊಲೆಹಾಲು ಕುಡಿಯಬಲ್ಲವು. ಅಂಗುಳವೂ ಸೀಳಿದ್ದರೆ ಹೀರುವ ಶಕ್ತಿ ಬರುವುದಿಲ್ಲ. ಮಗುವನ್ನು ನೆಟ್ಟಗೆ ಹಿಡಿದು, ಹಿಂಡಿದ ತಾಯಿಹಾಲನ್ನು ಚಮಚ ಅಥವಾ ಒಳಲೆಯಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕಾಗುತ್ತದೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ. ಅಷ್ಟರೊಳಗೆ ಮಗುವಿನ ತೂಕ ಏರಬೇಕು, ರಕ್ತಹೀನತೆ ಇರಬಾರದು. ಸೊರಗಿದ ಮಗುವಿಗೆ ಎಷ್ಟು ಒಳ್ಳೆಯ ವಿಧಾನವಿದ್ದರೂ ವೈದ್ಯರು ಕಾಯಬೇಕಾಗುತ್ತದೆ. ಖರ್ಚಿನ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ಸೀಳುತುಟಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಕರ್ನಾಟಕದಲ್ಲೂ ಇವೆ. ವಿಚಾರಿಸಿ ಜೊತೆಗೆ ಹೋಗುವವರೊಬ್ಬರು ಬೇಕು, ಅಷ್ಟೆ.

ತುಟಿ ಹೊಲಿದ ಬಳಿಕ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಬೇಕು. ಅಂಗುಳ, ಮಾತಿನ ತರಬೇತಿ, ಹಲ್ಲಿನ ಸಾಲು, ಕೆಲವೊಮ್ಮೆ ಹರೆಯದಲ್ಲಿ ಮೂಗು, ಹೀಗೆ ವರ್ಷಗಳ ಕಾಲ ಆಸ್ಪತ್ರೆಗೆ ಹೋಗಿಬರಬೇಕಾದೀತು. ನಡುವೆ ಬಿಟ್ಟವರೇ ಹೆಚ್ಚು ಕಷ್ಟಪಡುತ್ತಾರೆ. ಶಾಲೆಯಲ್ಲಿ ಮಗುವನ್ನು ಅಡ್ಡಹೆಸರಿನಿಂದ ಕರೆಯದಂತೆ ನೋಡಿಕೊಳ್ಳುವುದು ಶಿಕ್ಷಕರ ಮತ್ತು ಧರ್ಮೋಪದೇಶ ಕಲಿಸುವವರ ಕೆಲಸ.

ಗಿಲ್ಲಿಸ್ ಕಲಿಸಿದ್ದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಇರುವುದನ್ನು ಎಸೆಯಬೇಡಿ, ಅದರ ಜಾಗಕ್ಕೆ ತನ್ನಿ. ತುಟಿಯ ವಿಷಯದಲ್ಲಿ ಇದನ್ನು ಮಾಡಲು ಪರಿಣತ ವೈದ್ಯರಿದ್ದಾರೆ. ಮಗುವನ್ನು ಒಳಕೋಣೆಯಿಂದ ನಡುಮನೆಗೆ, ಅಲ್ಲಿಂದ ಊರವರ ನಡುವೆ ಅದರ ಜಾಗಕ್ಕೆ ತರುವ ಕೆಲಸ ನಮ್ಮೆಲ್ಲರದು.